ಚಾಪೆ ಒಂದು ಜಾಸ್ತಿ ಹಾಸಿ: ಮನೆ ಕೂಟದವರು ನಂಬಿಕೆ ಹಂಚಿಕೊಳ್ಳುವ ಬಗೆ

ನಮ್ಮ ಮನೆ ಕೂಟ, ಅಂದರೆ ಕ್ರೈಸ್ತರಾದ ನಾವು ಮನೆಯಲ್ಲೇ ಕೂಡಿ ಮಾಡುವ ಪ್ರಾರ್ಥನೆ ಕೂಟ, ಸೇರುವುದು ಗುರುವಾರ ಸಂಜೆ, ಗದಗಿನ ಬೆಟಗೇರಿಯಲ್ಲಿ, ನನ್ನ ಹೊಲಿಗೆ ಕೋಣೆಯಲ್ಲಿ. ಮಷಿನ್ನನ್ನು ಗೋಡೆಗೆ ಸರಿಸಿ, ಬಟ್ಟೆ ಚೂರು ಗುಡಿಸಿ, ಎರಡು ಚಾಪೆ ಹಾಸಿದರೆ ಒಂಬತ್ತು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬಹುದು. ನಾವು ಇರುವುದೂ ಒಂಬತ್ತೇ ಮಂದಿ. ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ, ಚಹಾ. ಮೂರು ವರ್ಷ ಹೀಗೇ ನಡೆಯಿತು. ಹೊಸಬರು ಒಬ್ಬರೂ ಬರಲಿಲ್ಲ.

ಆಮೇಲೆ ನಮಗೆ ಹುಮ್ಮಸ್ಸು ಬಂತು. ಸಾವಿರ ಕರಪತ್ರ ಅಚ್ಚು ಹಾಕಿಸಿದೆವು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗೇನು ಬರ ಇಲ್ಲ, ಮರುದಿನವೇ ಕೈಗೆ ಬಂದವು. ಬಸ್‌ಸ್ಟ್ಯಾಂಡ್ ಹತ್ತಿರ ಒಂದೇ ತಾಸಿನಲ್ಲಿ ಹಂಚಿ ಮುಗಿಸಿದೆವು. ಎರಡು ದಿನ ಬಿಟ್ಟು ಮಿರ್ಚಿ ತರಲು ಹೋದರೆ, ಮಿರ್ಚಿ ಸುತ್ತಿ ಕೊಟ್ಟ ಕಾಗದ ನಮ್ಮದೇ. ‘ದೇವರು ನಿನ್ನನ್ನು ಪ್ರೀತಿಸುತ್ತಾನೆ’ ಅನ್ನುವ ಸಾಲಿನ ಮೇಲೆ ಎಣ್ಣೆ ಹರಡಿತ್ತು. ಅಂಗಡಿಯವರಿಗೆ ನಾನು ಏನೂ ಹೇಳಲಿಲ್ಲ. ಮಿರ್ಚಿ ಮಾತ್ರ ಚೆನ್ನಾಗಿತ್ತು.

ಕರಪತ್ರ ಹಂಚುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಂಬತ್ತು ಮಂದಿಯ ಗುಂಪಿಗೆ ಅದು ಹೊಂದುವ ಕೆಲಸ ಅಲ್ಲ. ಅವತ್ತು ಹಂಚಿದ ಸಾವಿರ ಜನರಲ್ಲಿ ನಮಗೆ ಪರಿಚಯ ಇದ್ದವರು ಹತ್ತು ಮಂದಿಯೂ ಇರಲಿಲ್ಲ. ನಮ್ಮನ್ನು ದಿನಾ ನೋಡುವ ಓಣಿಯವರಿಗೆ ಮಾತ್ರ ಗುರುವಾರ ಆ ಕೋಣೆಯಲ್ಲಿ ಏನು ನಡೆಯುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಹಾಡುತ್ತಿದ್ದೆವು, ಅಷ್ಟೇ.

ಹಾಗಾಗಿ ಮೊದಲು ಮಾಡಿದ ಕೆಲಸ ಬಾಗಿಲು ತೆರೆದಿದ್ದು. ಸುಮ್ನೆ ಹೇಳುವ ಮಾತಲ್ಲ, ನಿಜವಾಗಿಯೂ ಮರದ ಬಾಗಿಲನ್ನೇ ತೆರೆದಿಟ್ಟೆವು. ಕಿಟಕಿ ಪರದೆ ಸರಿಸಿದೆವು. ಮೈಕ್ ಸೆಟ್ ಒಂದಿತ್ತು, ಅದನ್ನು ಸಭೆಗೆ, ಅಂದರೆ ನಮ್ಮ ಚರ್ಚಿಗೆ, ವಾಪಸ್ ಕೊಟ್ಟೆವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಆದರೆ ಒಂಬತ್ತು ಜನಕ್ಕೆ ಸಂಜೆ 7ಕ್ಕೂ ಮೈಕ್ ಯಾಕೆ ಬೇಕು? ಪಕ್ಕದ ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಓದುತ್ತಿದ್ದಳು. ನಮ್ಮ ಸ್ತೋತ್ರದ ಹಾಡಿನಿಂದ ಅವಳ ಗಣಿತ ಕೆಡುತ್ತಿತ್ತು ಅಂತ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಅವಳ ತಾಯಿ ಪಾಪ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಹೊತ್ತು ನೋಡಿಕೊಳ್ಳಿ. ಧಾರಾವಾಹಿ ನಡೆಯುವ ಹೊತ್ತಿಗೆ ಯಾರನ್ನೂ ಕರೆಯಬೇಡಿ, ಬರುವುದಿಲ್ಲ.

ಹೆಸರು ಬರೆಯಿರಿ, ಕಥೆ ಹೇಳಬೇಡಿ

ಪ್ರತಿಯೊಬ್ಬರೂ ಮೂರು ಹೆಸರು ಬರೆದುಕೊಳ್ಳಿ. ವಾರದಲ್ಲಿ ಎರಡು ಸಲವಾದರೂ ಮುಖಾಮುಖಿ ಆಗುವವರೇ ಇರಲಿ: ಹಾಲು ಹಾಕುವವರು, ಜೊತೆ ಕೆಲಸದವರು, ಮಗ್ಗದ ಮನೆಯವರು. ದೂರದ ಊರಿನವರು, ಫೋನಿನಲ್ಲಷ್ಟೇ ಸಿಗುವವರು ಬೇಡ. ಆ ಮೂವರಿಗಾಗಿ ದಿನಾ ಪ್ರಾರ್ಥನೆ ಮಾಡಿ. ಇದು ಸುಲಭದ ಭಾಗ.

ಕಷ್ಟದ್ದು ಮುಂದಿದೆ. ನಾನೇ ಎಡವಿದ್ದು ಅಲ್ಲಿ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬ ಹೆಣ್ಣುಮಗಳು ಅಳತೆ ಕೊಡುತ್ತಾ ತನ್ನ ಮನೆಯ ಸಂಕಟ ಹೇಳಿಕೊಂಡರು. ಗಂಡನ ಸಾಲದ ವಿಷಯ. ನಾನು ಗುರುವಾರ ಅದನ್ನು ‘ಪ್ರಾರ್ಥನೆಯ ವಿಷಯ’ ಅಂತ ಕೂಟದಲ್ಲಿ ಇಟ್ಟೆ. ಹೆಸರು ಹೇಳಲಿಲ್ಲ, ಆದರೆ ‘ನೀರಿನ ಟಾಕಿ ಹತ್ತಿರದವರು’ ಅಂದೆ. ಟಾಕಿ ಹತ್ತಿರ ಇರುವುದೇ ನಾಲ್ಕು ಮನೆ! ಭಾನುವಾರ ಆಗುವುದರೊಳಗೆ ಮಾತು ಓಣಿ ಸುತ್ತಿ ಅವರ ಅತ್ತೆಯ ಕಿವಿಗೆ ಬಿತ್ತು. ಆ ಹೆಣ್ಣುಮಗಳು ಬಂದು ಹೊಲಿಯದ ಬಟ್ಟೆಯನ್ನೇ ತೆಗೆದುಕೊಂಡು ಹೋದರು. ‘ಅಕ್ಕಾರ, ನಿಮ್ಮ ದೇವ್ರಿಗೆ ಹೇಳ್ರಿ ಅಂದಿದ್ದೆ. ಊರಿಗೆ ಹೇಳ್ರಿ ಅಂದಿದ್ನೇನು?’ ಅಂದರು. ನಾನು ಅವರ ಮನೆಗೆ ಹೋಗಿ ತಪ್ಪಾಯಿತು ಅಂತ ಕೇಳಿದೆ. ಕ್ಷಮಿಸಿದರು. ಆದರೆ ಬಟ್ಟೆ ಮಾತ್ರ ಈಗಲೂ ಬೇರೆ ಕಡೆ ಕೊಡುತ್ತಾರೆ.

ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಕೂಟದಲ್ಲಿ ಹೊರಗಿನವರಿಗಾಗಿ ಪ್ರಾರ್ಥಿಸುವಾಗ ‘ನನ್ನ ಮೂವರಲ್ಲಿ ಒಬ್ಬರು’ ಅಂದರೆ ಸಾಕು. ಕಾಯಿಲೆ, ಸಾಲ, ಜಗಳ, ಏನೂ ಬೇಡ. ಅವರೇ ‘ಕೂಟದಾಗ ಹೇಳ್ರಿ’ ಅಂದರೆ ಮಾತ್ರ ಹೇಳಬೇಕು. ದೇವರಿಗೆ ವಿಳಾಸ ಗೊತ್ತಿದೆ, ನಾವು ಹೇಳಿಕೊಡಬೇಕಾಗಿಲ್ಲ.

ಸಭೆಯ ಕನ್ನಡ, ಓಣಿಯ ಕನ್ನಡ

ನಾವು ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಬೆಳೆದವರು. ನಮ್ಮ ಬಾಯಲ್ಲಿ ಒಂದು ಬೇರೆಯೇ ಕನ್ನಡ ಕೂತುಬಿಟ್ಟಿದೆ, ಅದು ನಮಗೇ ಗೊತ್ತಾಗುವುದಿಲ್ಲ. ಒಮ್ಮೆ ನಮ್ಮ ಕೂಟದ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ತನ್ನ ಜೊತೆ ಕೆಲಸ ಮಾಡುವವನಿಗೆ ‘ನಾನು ನಿಂಗ ನನ್ನ ಸಾಕ್ಷಿ ಹೇಳ್ತೀನಿ’ ಅಂದ. ಅವನು ಗಾಬರಿಯಾಗಿ ‘ಯಾವ ಕೇಸಿನ್ಯಾಗಪ್ಪಾ?’ ಅಂತ ಕೇಳಿದನಂತೆ. ಸಾಕ್ಷಿ ಅಂದರೆ ನಮಗೆ ನಮ್ಮ ನಂಬಿಕೆಯ ಅನುಭವ, ಓಣಿಯವರಿಗೆ ಕೋರ್ಟು. ರಕ್ಷಣೆ ಅಂದರೆ ಪೊಲೀಸು, ಮಿಲಿಟರಿ. ‘ಅಭಿಷೇಕ ಹೊಂದಿದವರು’ ಅಂದರೆ ಯಾವ ಗುಡಿಯಲ್ಲಿ, ಹಾಲಿನದೋ ತುಪ್ಪದ್ದೋ ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ಆ ಮಾತು ಅವರಿಗೆ ಬೇರೆ ಅರ್ಥದಲ್ಲಿ ಚೆನ್ನಾಗಿ ಗೊತ್ತಿದೆ.

ಒಂದು ಗುರುವಾರ ಈ ಆಟ ಆಡಿ ನೋಡಿ. ಹತ್ತು ಸಭೆಯ ಮಾತು ಚೀಟಿಯಲ್ಲಿ ಬರೆದು ಮಡಚಿ ಇಡಿ: ಕೃಪೆ, ಪಶ್ಚಾತ್ತಾಪ, ರಕ್ಷಣೆ, ನೀತಿವಂತ, ಪುನರುತ್ಥಾನ, ಹೀಗೆ. ಒಬ್ಬೊಬ್ಬರೂ ಒಂದು ಚೀಟಿ ಎತ್ತಿ, ಆ ಮಾತನ್ನೇ ಬಳಸದೆ, ಕಿರಾಣಿ ಅಂಗಡಿಯವರಿಗೆ ಹೇಳುವ ಹಾಗೆ ಹೇಳಬೇಕು. ‘ಕೃಪೆ’ ಚೀಟಿ ನಮ್ಮ ಅಜ್ಜಿಯೊಬ್ಬರಿಗೆ ಬಂತು. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಉದ್ರಿ ಬುಕ್ಕಿನ್ಯಾಗ ನಂದು ದೊಡ್ಡ ಬಾಕಿ ಇತ್ತು. ಅಂಗಡ್ಯಾವ ತನ್ನ ಕಿಸೆದಿಂದ ಹಾಕಿ ಆ ಹಾಳಿ ಹರದ. ನಾ ಬಾಗಲದಾಗ ನಿಂತಿದ್ದೆ, ಒಂದು ರೂಪಾಯಿ ಕೊಟ್ಟಿದ್ದಿಲ್ಲ.’ ನಾನು ಚರ್ಚಿನಲ್ಲಿ ಎಷ್ಟೋ ಪ್ರಸಂಗ, ಅಂದರೆ ಪ್ರವಚನ, ಕೇಳಿದ್ದೇನೆ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅವರ ಕೆಲಸದ ಬಗ್ಗೆ ಯಾರು ಏನೇ ಅನ್ನಲಿ, ಜನರ ಮಾತು ಕಲಿಯುವುದಕ್ಕೆ ಅವರಲ್ಲಿ ಕೆಲವರು ಆಯುಷ್ಯವನ್ನೇ ಸವೆಸಿದರು. ಕಿಟೆಲ್ ಅವರು 1853ರಲ್ಲಿ ಬಂದು, 1894ರಲ್ಲಿ ಕನ್ನಡದ ಆ ದೊಡ್ಡ ನಿಘಂಟು ಹೊರತಂದರು. ನಡುವೆ ನಲ್ವತ್ತೊಂದು ವರ್ಷ. ನಾವು ಇಲ್ಲೇ ಹುಟ್ಟಿದವರು, ನಮ್ಮ ಓಣಿಯ ಮಾತು ಬಿಟ್ಟು ಪುಲ್ಪಿಟ್ಟಿನ ಮಾತು ಆಡುತ್ತೇವೆ!

ತಾಟು ಹೋಗಬೇಕು, ತಾಟು ಬರಬೇಕು

ಕ್ರಿಸ್‌ಮಸ್‌ಗೆ ಓಣಿಗೆಲ್ಲ ತಾಟು ಕಳಿಸುತ್ತೇವೆ ಅಲ್ವಾ? ಕಳಿಸುವ ಮೊದಲು ಯೋಚಿಸಿ. ನಮ್ಮ ಸುತ್ತಮುತ್ತ ಲಿಂಗಾಯತರ ಮನೆಗಳು ಜಾಸ್ತಿ. ಮೊಟ್ಟೆ ಹಾಕಿದ ಕೇಕು ಕಳಿಸಿದರೆ ಅವರು ನಗುತ್ತಾ ತೆಗೆದುಕೊಳ್ಳುತ್ತಾರೆ, ಹಿಂದಿನ ಬಾಗಿಲಿನಿಂದ ಕೆಲಸದವರಿಗೆ ಕೊಡುತ್ತಾರೆ. ನಾವು ಶೇಂಗಾ ಉಂಡಿ, ಕರ್ಜಿಕಾಯಿ, ಚಕ್ಕುಲಿ ಮಾಡುತ್ತೇವೆ. ಅದಕ್ಕೆ ಬೇರೆ ಬುಟ್ಟಿ, ಬೇರೆ ಪಾತ್ರೆ. ಮಾಡುವಾಗ ಎದುರು ಮನೆಯ ಅತ್ತಿಯನ್ನೇ ಹದ ನೋಡಲು ಕರೆಯುತ್ತೇನೆ. ಪಾಕದ ವಿಷಯದಲ್ಲಿ ಅವರ ಕೈ ನನ್ನ ಕೈಗಿಂತ ಮೇಲು. ಒಲೆ ಮುಂದೆ ಕೂತಾಗ ಮಾತು ತಾನಾಗಿ ಬರುತ್ತದೆ. ‘ನಿಮ್ಮ ಯೇಸು ದನದ ಕೊಟ್ಟಿಗ್ಯಾಗ ಹುಟ್ಟಿದ್ದು ಖರೇ ಏನ್ರೀ?’ ಅಂತ ಅವರು ಮೊದಲ ಸಲ ಕೇಳಿದ್ದು ಕರ್ಜಿಕಾಯಿ ಮಡಚುತ್ತಾ. ಹತ್ತು ವರ್ಷ ಎದುರು ಬದುರು ಇದ್ದೆವು, ಅದಕ್ಕೂ ಮೊದಲು ಆ ಪ್ರಶ್ನೆ ಬಂದಿರಲಿಲ್ಲ.

ತಾಟು ಬರುವ ವಿಷಯ ಸ್ವಲ್ಪ ಸೂಕ್ಷ್ಮ. ಪಂಚಮಿಯ ಉಂಡಿ ಬಂದರೆ ತಿನ್ನಬೇಕೋ ಬೇಡವೋ ಅಂತ ನಮ್ಮ ಕೂಟದಲ್ಲಿ ದೊಡ್ಡ ಚರ್ಚೆಯೇ ಆಯಿತು. ಬೇರೆ ದೇವರಿಗೆ ಎಡೆ ಮಾಡಿದ ಊಟದ ವಿಷಯ ಬೈಬಲಿನಲ್ಲಿ ಬರುತ್ತದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ. ಅವನ್ನು ಪೂರ್ತಿ ಓದಿದೆವು. ಊಟಕ್ಕೆ ಕರೆದವರು ಬಡಿಸಿದ್ದನ್ನು ಪ್ರಶ್ನೆ ಕೇಳದೆ ತಿನ್ನಿ ಅಂತಲೂ ಅಲ್ಲಿದೆ, ಇನ್ನೊಬ್ಬರ ಮನಸ್ಸಾಕ್ಷಿ ನೋಯಿಸಬೇಡಿ ಅಂತಲೂ ಇದೆ. ನಾನು ಓಣಿಯಿಂದ ಬಂದ ಉಂಡಿ ತಿನ್ನುತ್ತೇನೆ. ನಮ್ಮ ಕೂಟದ ಇಬ್ಬರು ತಿನ್ನುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ‘ನಾವು ಇದನ್ನ ಮುಟ್ಟಂಗಿಲ್ಲ’ ಅನ್ನುವುದಂತೂ ಯಾರಿಗೂ ಬೇಡ. ಒಂದು ವರ್ಷ ಕೂಡಿಸಿದ ಸ್ನೇಹ ಆ ಒಂದು ಮಾತಿಗೆ ಹೋಗುತ್ತದೆ. ದಸರೆಗೆ ಮಕ್ಕಳು ಬನ್ನಿ ಹಿಡಿದು ‘ಬಂಗಾರದಂಗ ಇರೂಣು’ ಅಂತ ಬಂದರೆ, ಆ ಹಾರೈಕೆಗೆ ಹಾರೈಕೆ ಕೊಡಿ, ಕೈಗೆ ಒಂದು ಪೆಪ್ಪರ್‌ಮಿಂಟ್ ಕೊಡಿ.

ಚರ್ಚಿನ ಸುಗ್ಗಿ ಹಬ್ಬದ ಲಿಲಾವಿಗೆ, ಅಂದರೆ ಹರಾಜಿಗೆ, ಓಣಿಯವರನ್ನು ಕರೆಯಿರಿ. ಪ್ರಸಂಗಕ್ಕೆ ಬಾರದವರೂ ಕುಂಬಳಕಾಯಿಗೆ ಸವಾಲು ಹಾಕಲು ಬರುತ್ತಾರೆ.

ಕಥೆ ಓದಿ, ಸುಮ್ಮನೆ ಕೇಳಿ

ಯಾರಾದರೂ ‘ನಿಮ್ಮ ಪುಸ್ತಕದಾಗ ಏನೈತಿ’ ಅಂದರೆ, ಆಗ ತಡ ಮಾಡಬೇಡಿ. ಆದರೆ ಗುರುವಾರದ ಪೂರ್ತಿ ಕೂಟಕ್ಕೆ ಎಳೆದು ತಂದು ಒಂದು ತಾಸಿನ ಪ್ರಾರ್ಥನೆಯಲ್ಲಿ ಕೂರಿಸಬೇಡಿ. ನಾವು ತಿಂಗಳ ಕೊನೆಯ ಗುರುವಾರವನ್ನು ಬರೀ ಕಥೆಗೆ ಬಿಟ್ಟಿದ್ದೇವೆ. ಅವತ್ತು ಮೂರನೇ ಚಾಪೆ ಹಾಸುತ್ತೇವೆ, ಪಡಸಾಲೆಗೂ ಬರುವ ಹಾಗೆ. ಕೂಟದ ಎಲ್ಲರೂ ಬರುವುದು ಬೇಡ, ನಾಲ್ವರು ಸಾಕು. ಹೊಸಬರು ಇಬ್ಬರು, ನಮ್ಮವರು ಒಂಬತ್ತು ಅಂದರೆ ಕನ್ಯೆ ನೋಡಲು ಬಂದ ಹಾಗೆ ಆಗುತ್ತದೆ.

ನಡೆಸುವ ರೀತಿ ಹೀಗೆ. ಸುವಾರ್ತೆಯಿಂದ, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆ ಇರುವ ಭಾಗದಿಂದ, ಒಂದೇ ಕಥೆ. ನಮ್ಮ ಹಳೆಯ ಸತ್ಯವೇದದ (ಕನ್ನಡ ಬೈಬಲಿನ) ಭಾಷೆ ನಮಗೆ ಜೇನು, ಹೊಸಬರಿಗೆ ಕಬ್ಬಿಣದ ಕಡಲೆ. ಸರಳ ಕನ್ನಡದ ಅನುವಾದ ಇಟ್ಟುಕೊಳ್ಳಿ. ಒಬ್ಬರು ನಿಧಾನ ಓದಲಿ. ಇನ್ನೊಬ್ಬರು ಪುಸ್ತಕ ನೋಡದೆ ಅದೇ ಕಥೆಯನ್ನು ತಮ್ಮ ಮಾತಲ್ಲಿ ಹೇಳಲಿ. ಬಿಟ್ಟಿದ್ದನ್ನು ಉಳಿದವರು ಸೇರಿಸಲಿ. ಓದು ಬಾರದವರಿಗೂ ಇದರಲ್ಲಿ ಜಾಗ ಇದೆ. ನಮ್ಮಲ್ಲಿ ಚೆನ್ನಾಗಿ ಕಥೆ ಹೇಳುವವರು ಶಾಲೆಯ ಮೆಟ್ಟಿಲು ಹತ್ತದವರೇ. ಆಮೇಲೆ ಮೂರು ಪ್ರಶ್ನೆ. ಇದರಲ್ಲಿ ಏನು ಹಿಡಿಸಿತು? ಯಾವುದು ಒಗ್ಗಲಿಲ್ಲ? ಇದು ನಿಜ ಅಂದರೆ ನಾಳೆ ನಮ್ಮ ಮನೆಯಲ್ಲಿ ಏನು ಬದಲಾಗಬೇಕು? ನಲ್ವತ್ತು ನಿಮಿಷ, ಮುಗಿಯಿತು. ಚಹಾ.

ಎರಡನೇ ಪ್ರಶ್ನೆಯೇ ಜೀವಾಳ. ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಓದಿದ ದಿನ, ರೋಣದ ಕಡೆಯ ರೈತರೊಬ್ಬರು ತಂಗಿಯ ಮನೆಗೆ ಬಂದವರು ಹಾಗೇ ಕೂತಿದ್ದರು. ಬೀಜ ಹಾದಿಯ ಮೇಲೆ ಬಿತ್ತು, ಬಂಡೆಯ ಮೇಲೆ ಬಿತ್ತು ಅಂತ ಕೇಳಿ ಅವರಿಗೆ ತಡೆಯಲಾಗಲಿಲ್ಲ. ‘ಹಾದಿ ಮ್ಯಾಲೆ ಬೀಜ ಚೆಲ್ಲೋ ಅಂವ ಎಂಥಾ ಒಕ್ಕಲಿಗನ್ರೀ? ಕೂರಿಗಿ ಇರಲಿಲ್ಲೇನು?’ ನಾವೆಲ್ಲ ನಕ್ಕೆವು. ಆ ಕಾಲದಲ್ಲಿ ಅಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಅಂತ ಯಾರೋ ಹೇಳಿದರು. ಅವರು ತಲೆ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ‘ಹಂಗಾದ್ರ ಅಂವಂಗ ನೆಲ ನೋಡಿ ಹಾಕೋ ಲೆಕ್ಕಾನ ಇಲ್ಲ. ಎಲ್ಲಾರಿಗೂ ಚೆಲ್ಲಿದಾ’ ಅಂದರು. ಅದನ್ನು ನಾನು ವಿವರಿಸಲು ಹೋಗಿದ್ದರೆ ಹದಿನೈದು ನಿಮಿಷ ತಿನ್ನುತ್ತಿದ್ದೆ.

ದ್ರಾಕ್ಷಿ ತೋಟದ ಕೂಲಿಯವರ ಕಥೆ, ಮತ್ತಾಯ 20, ಇನ್ನೊಂದು ಬಗೆ. ಸಂಜೆ ಒಂದು ತಾಸು ದುಡಿದವನಿಗೂ ಇಡೀ ದಿನದ ಪಗಾರ! ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಇದನ್ನು ಒಪ್ಪಲೇ ಇಲ್ಲ. ‘ಮರುದಿನ ಯಾರ್ ಮುಂಜಾನೆ ಬರ್ತಾರ್ರೀ?’ ಅಂದರು. ಉತ್ತರ ಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು. ತಡೆದುಕೊಂಡೆ. ಕೇಳಿದ ಪ್ರಶ್ನೆಗೆಲ್ಲ ಅವತ್ತೇ ಬೀಗ ಜಡಿಯಬೇಕಾಗಿಲ್ಲ. ಪ್ರಶ್ನೆ ಹೊತ್ತು ಹೋದವರು ಮತ್ತೆ ಬರುತ್ತಾರೆ.

ದೇವರ ಮಾತು ಆಡಲು ನಮ್ಮ ಕಡೆ ಜನ ನಾಚುವುದಿಲ್ಲ. ಶಿಶುನಾಳ ಶರೀಫರು ಗೋವಿಂದ ಭಟ್ಟರನ್ನು ಗುರು ಅಂದ ಸೀಮೆ ಇದು. ಕಟ್ಟೆಯ ಮೇಲೆ ಕೂತವರು ವಚನ ಹೇಳುತ್ತಾರೆ, ತತ್ವಪದ ಹೇಳುತ್ತಾರೆ. ಅದನ್ನೂ ಕೇಳಿ. ಕೇಳುವಾಗ ‘ಆದರೆ ನಮ್ಮಲ್ಲಿ…’ ಅಂತ ಬಾಯಿ ಹಾಕಬೇಡಿ. ಬೇರೆಯವರ ದೇವರನ್ನು ಹಳಿಯುವವರು ನಮ್ಮ ಕೂಟದಲ್ಲೂ ಒಬ್ಬರಿದ್ದರು. ಹಾಗೆ ಮಾಡಬೇಡಿ ಅಂತ ನಮ್ಮ ಪಾಸ್ಟರು ಆ ವ್ಯಕ್ತಿಗೆ ಎರಡು ಸಲ ಹೇಳಿದರು. ಮೂರನೇ ಸಲ ಕಥೆಯ ಗುರುವಾರಕ್ಕೆ ಬರಬೇಡಿ ಅಂತ ನಾನೇ ಹೇಳಿದೆ.

ನಿಮ್ಮ ಕಥೆ ಮೂರು ನಿಮಿಷದ್ದಿರಲಿ

ಒಂದನೇ ಪೇತ್ರ 3:15 ನೋಡಿ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ತಯಾರಿರಿ, ಆದರೆ ಸೌಮ್ಯವಾಗಿ ಅನ್ನುತ್ತದೆ. ತಯಾರಿ ಅಂದರೆ ನಿಜವಾದ ತಯಾರಿ. ಕೂಟದಲ್ಲಿ ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಮೊದಲ ಸಲ ಎಲ್ಲರದ್ದೂ ಇಪ್ಪತ್ತು ನಿಮಿಷ ಆಗುತ್ತದೆ, ಅದರಲ್ಲಿ ಹದಿನೈದು ನಿಮಿಷ ಹಳೆಯ ಪಾಪದ್ದೇ.

ಉಬ್ಬಿಸಬೇಡಿ. ನನ್ನ ಗಂಡ ತೀರಿಹೋದ ಮೇಲೆ ಒಂದು ವರ್ಷ ನಾನು ಸಭೆಗೆ ಹೋಗಲಿಲ್ಲ. ದೇವರ ಮೇಲೆ ಸಿಟ್ಟಿತ್ತು. ಆ ಸಿಟ್ಟನ್ನೂ ಆತನಿಗೇ ಹೇಳಬಹುದು ಅಂತ ಬೈಬಲಿನ ಕೀರ್ತನೆಗಳಿಂದ ಕಲಿತೆ. ಈಗಲೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ. ಎದ್ದು ಮಷಿನ್ ಮುಂದೆ ಕೂರುತ್ತೇನೆ, ಆದರೆ ಒಬ್ಬಳೇ ಅನ್ನಿಸುವುದಿಲ್ಲ. ನನ್ನ ಕಥೆ ಇಷ್ಟೇ. ‘ಎಲ್ಲ ಸರಿಹೋಯಿತು’ ಅಂತ ಒಮ್ಮೆ ಸೇರಿಸಿ ನೋಡಿದೆ. ಕೇಳುತ್ತಿದ್ದವರು ಆ ಮಾತಿಗೆ ಫೋನ್ ತೆಗೆದರು.

ಇವು ಬೇಡವೇ ಬೇಡ

ಅಕ್ಕಿ ಕೊಡುವಾಗ ಪ್ರಾರ್ಥನೆ ಮಾಡಬೇಡಿ, ಪ್ರಾರ್ಥನೆ ಕೇಳಿದವರಿಗೆ ಅಕ್ಕಿ ಕೊಡಬೇಡಿ. ಎರಡೂ ಒಳ್ಳೆಯವೇ, ಒಂದೇ ಕೈಯಲ್ಲಿ ಬೇಡ. ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕಾದರೆ ಕೂಟದ ಹೆಸರಿಲ್ಲದೆ ಮಾಡಿ. ಎಡಗೈಗೆ ಗೊತ್ತಾಗದ ಹಾಗೆ ಕೊಡಿ ಅಂತ ಯೇಸುವೇ ಹೇಳಿದ್ದಾನಲ್ಲ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಇಬ್ಬಿಬ್ಬರೇ ಹೋಗಿ, ರೊಟ್ಟಿ ಬುತ್ತಿ ಒಯ್ಯಿರಿ, ರಾತ್ರಿ ಕೂರುವವರಿಗೆ ಒಂದು ರಾತ್ರಿ ಬಿಡುವು ಕೊಡಿ. ಪ್ರಾರ್ಥನೆ ಮಾಡಲೇ ಅಂತ ಒಮ್ಮೆ ಕೇಳಿ. ಬೇಡ ಅಂದರೆ ಮತ್ತೆ ಕೇಳಬೇಡಿ. ಪ್ರಾರ್ಥನೆ ಆಯಿತು, ಬಿಪಿ ಗುಳಿಗೆ ಬಿಡಿ ಅನ್ನುವವರನ್ನು ಮನೆಯೊಳಗೇ ಸೇರಿಸಬೇಡಿ. ತಂದೆ ತಾಯಿಗೆ ಗೊತ್ತಿಲ್ಲದೆ ಒಂದು ಮಗುವಿಗೂ ಕಥೆ ಹೇಳಬೇಡಿ. ಓಣಿಯ ವಾಟ್ಸಾಪ್ ಗುಂಪಿಗೆ ದಿನಾ ಬೈಬಲ್ ವಚನ ಹಾಕಬೇಡಿ.

ಕಾನೂನು ಗೊತ್ತಿರಲಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಆಗಬಾರದು. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರ ಅಂದರೆ ನಮ್ಮ ಧರ್ಮದ ವಿಷಯ ತಿಳಿಸುವುದು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಆಮಿಷ, ಮೋಸ, ಮದುವೆಯ ಭರವಸೆಯಿಂದ ಆಗುವ ಮತಾಂತರವನ್ನು ನಿಷೇಧಿಸಿತು, ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಯಾರಾದರೂ ದೀಕ್ಷಾಸ್ನಾನದ, ಅಂದರೆ ಕ್ರೈಸ್ತರಾಗಲು ಪಡೆಯುವ ಸ್ನಾನದ, ಮಾತೆತ್ತಿದರೆ ಕೂಟದಲ್ಲಿ ನೀವೇ ತೀರ್ಮಾನ ಮಾಡಬೇಡಿ. ಪಾಸ್ಟರ್ ಹತ್ತಿರ ಕರೆದುಕೊಂಡು ಹೋಗಿ, ವಕೀಲರನ್ನೂ ಕೇಳಿ, ಮನೆಯವರಿಗೆ ಅವರೇ ಹೇಳಲಿ. ಅವಸರ ಯಾರಿಗಿದೆ?

ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸೀರೆ ಕೊಟ್ಟು ಕರೆದವರು ಮುಂದೆ ಎರಡು ಸೀರೆ ಕೊಡುವವರ ಹತ್ತಿರ ಹೋಗುತ್ತಾರೆ.

ಲೆಕ್ಕದ ವಿಷಯ ಬಂದರೆ, ಆರು ವರ್ಷದಲ್ಲಿ ನಮ್ಮ ಕಥೆಯ ಗುರುವಾರಕ್ಕೆ ಬಂದು ಹೋದವರು ಮೂವತ್ತರ ಹತ್ತಿರ. ಸಭೆಗೆ ಸೇರಿದವರು ಒಬ್ಬರು. ಒಬ್ಬ ಹುಡುಗ ಎರಡು ವರ್ಷ ಬಂದು, ‘ಅಕ್ಕಾರ, ನಂಗ ನಂಬಿಕಿ ಬರವಲ್ದು’ ಅಂತ ಹೇಳಿ ಬಿಟ್ಟ. ಈಗಲೂ ಪ್ಯಾಂಟಿನ ಅಂಚು ಹೊಲಿಸಲು ನನ್ನ ಹತ್ತಿರವೇ ಬರುತ್ತಾನೆ, ಕೂತು ಚಹಾ ಕುಡಿಯುತ್ತಾನೆ. ಅವನು ನನ್ನ ಮೂರು ಹೆಸರಿನಲ್ಲಿ ಇನ್ನೂ ಇದ್ದಾನೆ. ಅದು ಅವನಿಗೂ ಗೊತ್ತು.

ಈ ತಿಂಗಳ ಕಥೆ ಲೂಕ 15, ನಾಣ್ಯ ಕಳೆದುಕೊಂಡ ಹೆಂಗಸು. ಎದುರು ಮನೆಯ ಅತ್ತಿ ಹೋದ ಸಲವೇ ಕೇಳಿಸಿಕೊಂಡು, ಈ ಸಲ ತಾವೇ ಹೇಳುತ್ತೇನೆ ಅಂದಿದ್ದಾರೆ. ಅವರು ಕ್ರೈಸ್ತರಲ್ಲ, ಆಗುವ ಮಾತೂ ಆಡಿಲ್ಲ. ಆದರೆ ಅವರ ಬೋರಮಾಳದ ಒಂದು ಗುಂಡು ಹಿಂದೊಮ್ಮೆ ಕಳೆದು, ಮನೆಯನ್ನೆಲ್ಲ ಗುಡಿಸಿ, ಕಡೆಗೆ ಜೋಳದ ಹಗೇವಿನ ಬದಿಯಲ್ಲಿ ಸಿಕ್ಕಿತ್ತಂತೆ. ‘ಆ ಹೆಂಗಸು ದೀಪ ಹಚ್ಚಿದ್ದು ಯಾಕ ಅಂತ ನಿಮಗೇನ್ ಗೊತ್ತು, ನಾ ಹೇಳ್ತೀನಿ ಕೇಳ್ರಿ’ ಅಂದಿದ್ದಾರೆ. ಮೂರನೇ ಚಾಪೆ ಬಿಸಿಲಿಗೆ ಹಾಕಿದ್ದೇನೆ.